ಹದಿನೆಂಟು ಮದ್ದೂ ನೂರರ ಲೆಕ್ಕವೂ

ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಎಂದರೆ ಆಗಸ್ಟ್ 3ನೆಯ ತಾರೀಖಿನ ಹೊತ್ತಿಗೆ, ಮನೆಮನೆಯಲ್ಲಿಯೂ ಮದ್ದುಸೊಪ್ಪಿನ ಪರಿಮಳ ಹಬ್ಬಿರುತ್ತದೆ. ಕಾಡಿನಂಚಿನಿಂದಲೂ ತೋಟದ ಬೇಲಿಯಿಂದಲೂ ಕೊಯ್ದು ತಂದ ಈ ಗಿಡದ ಎಲೆಯನ್ನೂ ಕಾಂಡವನ್ನೂ ನೀರಿನಲ್ಲಿ ಕುದಿಸಿದರೆ ನೇರಳೆ ಬಣ್ಣದ ರಸ ಬಿಡುತ್ತದೆ. ಆ ರಸದಲ್ಲಿ ಪಾಯಸವನ್ನೋ ಪುಟ್ಟನ್ನೋ ಮಾಡಿ ಜೇನು, ತುಪ್ಪಗಳೊಡನೆ ತಿನ್ನುವುದು ಸಂಪ್ರದಾಯ. ಸಸ್ಯಶಾಸ್ತ್ರಜ್ಞರು ಈ ಗಿಡವನ್ನು ಜಸ್ಟಿಷಿಯ ವೈನಾಡೆನ್ಸಿಸ್ ಎಂದು ಕರೆಯುತ್ತಾರೆ. ನಮ್ಮ ಹಿತ್ತಲಿನ ಆಡುಸೋಗೆಗೆ ಇದು ಹತ್ತಿರದ ನಂಟ. ಕಕ್ಕಡದ ಮೊದಲ ದಿನದಿಂದ ದಿನಕ್ಕೊಂದರಂತೆ ಮದ್ದು ಈ ಗಿಡದಲ್ಲಿ ಸೇರುತ್ತ ಬಂದು, ಹದಿನೆಂಟನೆಯ ದಿನ ಹದಿನೆಂಟು ಮದ್ದುಗಳೂ ತುಂಬಿರುತ್ತವೆಂಬುದು ನಂಬಿಕೆ. ತಿಂದ ಮೇಲೆ ಮೂತ್ರ ಕೆಂಪಾಗಿ ಹೋಗುತ್ತದೆ. ಅದನ್ನು ಕಂಡು ಗಾಬರಿಯಾದ ಮಕ್ಕಳಿಗೆ ಹಿರಿಯರು, "ನೋಡಿದೆಯಾ, ಮದ್ದು ಮೈಗೆ ಹತ್ತಿತು" ಎಂದು ಸಮಾಧಾನ ಹೇಳುತ್ತಾರೆ.

ನಾವೂ ಆ ಪಾಯಸವನ್ನು ಉಂಡು ಬೆಳೆದವರೇ. ಅದನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಆದರೆ "ಮದ್ದು ಮೈಗೆ ಹತ್ತಿತು" ಎಂಬ ಮಾತು ಒಂದು ವೈದ್ಯಕೀಯ ತೀರ್ಮಾನ. ತೀರ್ಮಾನವೆಂದ ಮೇಲೆ ಅದಕ್ಕೆ ಪ್ರಮಾಣ ಬೇಕು. ಕೆಂಪಾದ ಮೂತ್ರ ಏನನ್ನು ಪ್ರಮಾಣಿಸುತ್ತದೆ? ಗಿಡದ ವರ್ಣದ್ರವ್ಯ ಕರುಳಿನಿಂದ ರಕ್ತಕ್ಕೂ, ರಕ್ತದಿಂದ ಮೂತ್ರಪಿಂಡಕ್ಕೂ ಸಾಗಿ ಹೊರಬಿದ್ದಿತೆಂಬುದನ್ನು ಮಾತ್ರ. ಬೀಟ್‌ರೂಟ್ ತಿಂದ ಕೆಲವರಲ್ಲಿಯೂ ಮೂತ್ರ ಹೀಗೆಯೇ ಬಣ್ಣಗೂಡುವುದುಂಟು; ಬೀಟ್‌ರೂಟನ್ನು ಯಾರೂ ಹದಿನೆಂಟು ರೋಗಗಳ ಮದ್ದೆಂದು ಕರೆಯಲಿಲ್ಲ. ಮದ್ದುಸೊಪ್ಪಿನ ಸಾರವನ್ನು ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸಿ, ಅದರಲ್ಲಿ ಉತ್ಕರ್ಷಣವನ್ನು ತಡೆಯುವ ಗುಣವಿದೆಯೆಂದು ತೋರಿಸಿರುವುದೂ ನಿಜ. ಆದರೆ ಗಾಜಿನ ನಳಿಗೆಯಲ್ಲಿ ಕಂಡುಬಂದ ಗುಣ ಮನುಷ್ಯನ ರೋಗವನ್ನು ವಾಸಿಮಾಡುವುದೆಂಬ ಭರವಸೆ ಎಲ್ಲಿಯೂ ಇಲ್ಲ.

ಗುರುತನ್ನೇ ಗುಣವೆಂದು ತಿಳಿಯುವ ಈ ತಪ್ಪು ಅಜ್ಜಿಯರದು ಮಾತ್ರವೆಂದು ಯಾರೂ ಎಣಿಸಬಾರದು. ಹೃದಯಾಘಾತವಾಗಿ ಬದುಕಿದವರಲ್ಲಿ ಹೃದಯದ ಬಡಿತ ನಡುನಡುವೆ ತಾಳ ತಪ್ಪುವುದುಂಟು. ಅಂಥವರು ಹಠಾತ್ತನೆ ಸಾಯುವ ಸಂಭವ ಹೆಚ್ಚು. ತಪ್ಪಿದ ಬಡಿತವನ್ನು ಸರಿಪಡಿಸುವ ಔಷಧಿಗಳು ಬಂದುವು. ಯಂತ್ರದ ಪಟ್ಟಿಯಲ್ಲಿ ಬಡಿತ ಸರಿಯಾದುದು ಕಾಣುತ್ತಲೂ ಇತ್ತು. ವೈದ್ಯರು ಸಾವಿರಾರು ರೋಗಿಗಳಿಗೆ ಅವನ್ನು ಕೊಟ್ಟರು. 1989ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಹೊರಬಿದ್ದಾಗ, ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಎರಡು ಔಷಧಿಗಳನ್ನು ತೆಗೆದುಕೊಂಡವರಲ್ಲಿಯೇ ಸಾವು ಹೆಚ್ಚಾಗಿದ್ದುದು ಕಂಡಿತು. ಬಡಿತ ಸರಿಯಾಗಿತ್ತು, ರೋಗಿ ಸತ್ತಿದ್ದ. ನಮ್ಮ ಕೆಂಪು ಮೂತ್ರದಿಂದ ಯಾರಿಗೂ ಇಂಥ ಹಾನಿಯಾಗಿಲ್ಲವೆಂಬುದೊಂದು ಸಮಾಧಾನ.

ಹಾಗಾದರೆ ಮದ್ದುಸೊಪ್ಪಿನಲ್ಲಿ ಮದ್ದು ಇದೆಯೋ ಇಲ್ಲವೋ ತಿಳಿಯುವ ಬಗೆ ಹೇಗೆ? ಪಾಯಸ ಉಂಡವರ ಆರೋಗ್ಯವನ್ನು ಒಂದು ವರ್ಷ ಗಮನಿಸಿದರೆ ಸಾಲದೆ ಎಂದು ವಿದ್ಯಾರ್ಥಿಯೊಬ್ಬನು ಕೇಳಬಹುದು. ಸಾಲದು. ಮಳೆಗಾಲದ ನೆಗಡಿ ಜ್ವರಗಳು ಮದ್ದಿಲ್ಲದೆಯೂ ವಾರದಲ್ಲಿ ಇಳಿಯುತ್ತವೆ. ಮಂಡಿನೋವು ಬಿಸಿಲು ಬಂದ ಮೇಲೆ ತಾನಾಗಿಯೇ ಕಡಮೆಯಾಗುವುದುಂಟು. ಉಂಡವರನ್ನು ಉಣ್ಣದವರೊಡನೆ ಹೋಲಿಸಬೇಕು. ಆದರೆ ಕೊಡಗಿನಲ್ಲಿದ್ದೂ ಕಕ್ಕಡ ಹದಿನೆಂಟರಂದು ಪಾಯಸ ಉಣ್ಣದವರು ಯಾರು? ಬೇರೆ ಊರಿನಿಂದ ಬಂದ ನೌಕರರು, ತೋಟದ ಕೆಲಸಕ್ಕೆ ಹೊಸದಾಗಿ ಬಂದವರು, ಹಾಸಿಗೆ ಹಿಡಿದು ಏನೂ ಸೇರದವರು. ಇವರ ಆಹಾರ ಬೇರೆ, ದುಡಿಮೆ ಬೇರೆ, ವಯಸ್ಸು ಬೇರೆ. ಇವರಲ್ಲಿ ರೋಗ ಹೆಚ್ಚಾಗಿ ಕಂಡರೆ ಅದು ಪಾಯಸದ ಅಭಾವದಿಂದಲೇ ಎನ್ನಲು ಬರುವುದಿಲ್ಲ.

ಆದುದರಿಂದ ಪ್ರಯೋಗ ನಡೆಸುವವರು ಜನರನ್ನು ತಾವಾಗಿ ಆರಿಸದೆ, ಅವರವರ ಇಷ್ಟಕ್ಕೂ ಬಿಡದೆ, ಚೀಟಿ ಎತ್ತಿ ಎರಡು ತಂಡಗಳಾಗಿ ವಿಂಗಡಿಸುತ್ತಾರೆ. ಚೀಟಿಗೆ ಮುಲಾಜಿಲ್ಲ. ಬಡವ ಬಲ್ಲಿದ, ಮುದುಕ ಹುಡುಗ ಎಂಬ ಭೇದವನ್ನು ಅದು ಬಲ್ಲುದಲ್ಲ. ಜನಸಂಖ್ಯೆ ಸಾಕಷ್ಟಿದ್ದರೆ, ನಾವು ಬಲ್ಲ ವ್ಯತ್ಯಾಸಗಳೂ ನಮಗೆ ತಿಳಿಯದಿರುವ ವ್ಯತ್ಯಾಸಗಳೂ ಎರಡು ತಂಡಗಳಲ್ಲಿ ಸುಮಾರಾಗಿ ಸಮನಾಗಿ ಹಂಚಿಹೋಗುತ್ತವೆ. ಒಂದು ತಂಡಕ್ಕೆ ಮದ್ದುಸೊಪ್ಪಿನ ಪಾಯಸ, ಇನ್ನೊಂದಕ್ಕೆ ಬೀಟ್‌ರೂಟಿನ ಬಣ್ಣ ಹಾಕಿದ ಪಾಯಸ. ತಿಂದವರಿಗೂ, ಮುಂದೆ ಅವರನ್ನು ಪರೀಕ್ಷಿಸುವ ವೈದ್ಯನಿಗೂ ಯಾವುದು ಯಾವುದೆಂದು ತಿಳಿಯಬಾರದು. (ಆ ಪರಿಮಳವನ್ನು ಮರೆಸುವುದು ಹೇಗೆಂಬುದು ಕೊಡಗಿನ ಅಡುಗೆಯವರನ್ನೇ ಕೇಳಬೇಕಾದ ಪ್ರಶ್ನೆ. ಕಕ್ಕಡದಲ್ಲಿ ಮೂಗಿಗೆ ಮೋಸ ಮಾಡುವುದು ಸುಲಭವಲ್ಲ.)

ಇಷ್ಟೆಲ್ಲ ಮಾಡಿದರೂ ಇನ್ನೊಂದು ಬಲೆ ಉಳಿದಿರುತ್ತದೆ. ಮದ್ದು ಹದಿನೆಂಟು ಎಂದ ಮೇಲೆ ಹದಿನೆಂಟು ರೋಗಗಳನ್ನೂ ಪರೀಕ್ಷಿಸೋಣವೆಂದು ಹೊರಟೆವೆನ್ನಿ. ಎರಡು ತಂಡಗಳಲ್ಲಿ ಕಂಡ ಭೇದ ಕೇವಲ ಆಕಸ್ಮಿಕವಾಗಿ ಉಂಟಾಗುವ ಸಂಭವ ನೂರಕ್ಕೆ ಐದಕ್ಕಿಂತ ಕಡಮೆಯಾದರೆ ಅದನ್ನು ಗಮನಾರ್ಹವೆಂದು ಎಣಿಸುವುದು ಸಂಖ್ಯಾಶಾಸ್ತ್ರದ ರೂಢಿ. ಸೊಪ್ಪಿನಲ್ಲಿ ಯಾವ ಮದ್ದೂ ಇಲ್ಲವೆಂದೇ ಇಟ್ಟುಕೊಳ್ಳಿ. ಒಂದು ರೋಗದ ಮಟ್ಟಿಗೆ ನಾವು ಮೋಸಹೋಗದಿರುವ ಸಂಭವ 0.95. ಒಂದಕ್ಕೊಂದು ಸಂಬಂಧವಿಲ್ಲದ ಹದಿನೆಂಟು ರೋಗಗಳಲ್ಲಿ ಒಂದರಲ್ಲಿಯೂ ಮೋಸಹೋಗದಿರುವ ಸಂಭವ ಬೇಕಾದರೆ 0.95 ಎಂಬುದನ್ನು ಹದಿನೆಂಟು ಸಲ ಗುಣಿಸಬೇಕು. ಬರುವುದು ಸುಮಾರು 0.40. ಎಂದರೆ ಕಡೆಯಪಕ್ಷ ಒಂದು ರೋಗಕ್ಕಾದರೂ "ಮದ್ದು ಸಿಕ್ಕಿತು" ಎಂದು ತಪ್ಪಾಗಿ ಸಾರುವ ಸಂಭವ ನೂರಕ್ಕೆ 60! ಏನೂ ಇಲ್ಲದ ಸೊಪ್ಪಿನಲ್ಲಿ ಏನಾದರೊಂದು ಮದ್ದನ್ನು ಕಾಣುವುದು, ಕಾಣದಿರುವುದಕ್ಕಿಂತ ಸುಲಭ. ಹದಿನೇಳು ನಿಷ್ಫಲ ಲೆಕ್ಕಗಳನ್ನು ಮೇಜಿನ ಸೆಳೆಖಾನೆಯಲ್ಲಿಟ್ಟು, ಫಲಿಸಿದ ಒಂದನ್ನು ಮಾತ್ರ ಅಚ್ಚುಹಾಕಿಸಿದರೆ ಓದುಗನಿಗೆ ಸುಳಿವೇ ಸಿಕ್ಕದು. ಯಾವ ಫಲವನ್ನು ಮುಖ್ಯವೆಂದು ಅಳೆಯುವೆವೆಂಬುದನ್ನು ಪ್ರಯೋಗಕ್ಕೆ ಮೊದಲೇ ಬರೆದು ನೋಂದಾಯಿಸಬೇಕೆಂದು ಇಂದು ಕೇಳುವುದು ಇದಕ್ಕಾಗಿಯೇ.

ನೂರಕ್ಕೆ ಐದೆಂಬ ಈ ಸಂಖ್ಯೆಯನ್ನು ವೈದ್ಯರೂ ಅನೇಕ ವೇಳೆ ತಪ್ಪಾಗಿ ಓದುತ್ತಾರೆ. ಔಷಧಿ ನಿರರ್ಥಕವಾಗಿರುವ ಸಂಭವ ನೂರಕ್ಕೆ ಐದು ಎಂದು ಇದರ ಅರ್ಥವಲ್ಲ. ಔಷಧಿ ನಿರರ್ಥಕವೆಂದು ಮೊದಲು ಒಪ್ಪಿಕೊಂಡರೆ, ಇಷ್ಟು ದೊಡ್ಡ ಭೇದ ಆಕಸ್ಮಿಕವಾಗಿ ಕಾಣಿಸಿಕೊಳ್ಳುವುದು ಎಷ್ಟು ಅಪೂರ್ವ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಮಳೆ ಬಂದರೆ ಅಂಗಳ ಒದ್ದೆಯಾಗುವುದು ಖಂಡಿತ. ಅಂಗಳ ಒದ್ದೆಯಾಗಿದೆಯೆಂದು ಮಳೆ ಬಂದಿತೆನ್ನುವುದು ಬೇರೆ ಮಾತು. ಭೇದ ಅಪೂರ್ವವೆಂದು ಗೊತ್ತಾದ ಮಾತ್ರಕ್ಕೆ ಅದು ರೋಗಿಗೆ ಪ್ರಯೋಜನವಾಗುವಷ್ಟು ದೊಡ್ಡದೆಂದೂ ಹೇಳಲಾಗದು.

ಒಳ್ಳೆಯ ಲೆಕ್ಕ ಹೇಗಿರುತ್ತದೆಂಬುದಕ್ಕೆ 1948ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪ್ರಯೋಗವನ್ನು ನೋಡಬಹುದು. ಯುದ್ಧ ಮುಗಿದ ಕಾಲ. ಔಷಧಿ ಎಲ್ಲರಿಗೂ ಸಾಲುವಷ್ಟಿರಲಿಲ್ಲ. ಆಸ್ಟಿನ್ ಬ್ರ್ಯಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರ ಯೋಜನೆಯಂತೆ 107 ಮಂದಿ ಕ್ಷಯರೋಗಿಗಳನ್ನು ಮುಚ್ಚಿದ ಲಕೋಟೆಗಳ ಮೂಲಕ ವಿಂಗಡಿಸಲಾಯಿತು. ಆರು ತಿಂಗಳಲ್ಲಿ ಔಷಧಿ ಪಡೆದ 55 ಮಂದಿಯಲ್ಲಿ 4 ಜನವೂ, ಹಾಸಿಗೆಯ ವಿಶ್ರಾಂತಿಯನ್ನು ಮಾತ್ರ ಪಡೆದ 52 ಮಂದಿಯಲ್ಲಿ 14 ಜನವೂ ಸತ್ತರು. ಇಂಥ ಭೇದ ಆಕಸ್ಮಿಕವಾಗಿ ಬರುವ ಸಂಭವ ನೂರಕ್ಕೆ ಒಂದಕ್ಕಿಂತಲೂ ಕಡಮೆ. ಕಥೆ ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಐದು ವರ್ಷಗಳ ಅನಂತರ ಅದೇ ರೋಗಿಗಳ ಲೆಕ್ಕ ತೆಗೆದಾಗ ಮೊದಲನೆಯ ತಂಡದಲ್ಲಿ 32, ಎರಡನೆಯದರಲ್ಲಿ 35 ಜನ ಸತ್ತಿದ್ದರು. ರೋಗಾಣುಗಳು ಒಂಟಿ ಔಷಧಿಗೆ ಜಗ್ಗದಂತಾಗಿದ್ದುವು. ಎರಡು ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವ ಕ್ರಮ ಬೆಳೆದುಬಂದುದು ಈ ಅನುಭವದಿಂದಲೇ. ಆರು ತಿಂಗಳ ಸಂಖ್ಯೆ ಸುಳ್ಳಾಗಿರಲಿಲ್ಲ; ಅದು ಆರು ತಿಂಗಳ ಪ್ರಶ್ನೆಗೆ ಉತ್ತರವಾಗಿತ್ತು.

ಇಷ್ಟು ಹೊತ್ತು ಮದ್ದುಸೊಪ್ಪಿನ ಬೆನ್ನು ಹತ್ತಿದ ನಾವು, ಸೂಜಿಮದ್ದಿಗೂ ಇದೇ ಅಳತೆಗೋಲನ್ನು ಹಿಡಿಯದಿದ್ದರೆ ಅನ್ಯಾಯವಾದೀತು. ಕೊಡಗಿನವರಿಗೆ ಇದು ಕೇವಲ ಚರ್ಚೆಯ ವಿಷಯವಲ್ಲ. ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳೋಣ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸತ್ತು ಬೀಳತೊಡಗಿದುವು. ಕಾಡಿಗೆ ಹೋಗಿಬರುವ ಹಳ್ಳಿಗರಿಗೆ ಉಗ್ರವಾದ ಜ್ವರ ಹಿಡಿಯಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು, ಇದು ಉಣ್ಣೆಗಳು ಹರಡುವ ಹೊಸ ವೈರಸ್ಸೆಂದು ಕಂಡುಹಿಡಿದರು. ರಷ್ಯ ದೇಶದ ಕಾಡುಗಳಲ್ಲಿ ಉಣ್ಣೆಗಳಿಂದಲೇ ಹರಡುವ ಮಿದುಳಿನ ಉರಿಯೂತದ ವೈರಸ್ಸಿಗೆ ಇದು ಸಮೀಪದ ಬಂಧು. ಬಂಧುವಿಗೆ ತಯಾರಿಸಿದ ಲಸಿಕೆ ಇದಕ್ಕೂ ನಾಟೀತೆಂಬ ಆಶೆಯಿಂದ, ಬೇರೆ ದಾರಿಯೂ ಇಲ್ಲದೆ, ಆ ಲಸಿಕೆಯನ್ನು ಶಿವಮೊಗ್ಗದ ಹಳ್ಳಿಗರಿಗೆ ಹಾಕಲಾಯಿತು. ತರ್ಕ ಚೆನ್ನಾಗಿಯೇ ಇತ್ತು. ಆದರೆ ಹಾಕಿಸಿಕೊಂಡವರಲ್ಲಿ ಎಷ್ಟು ಜನಕ್ಕೆ ರೋಗ ಬಂದಿತು, ಹಾಕಿಸಿಕೊಳ್ಳದವರಲ್ಲಿ ಎಷ್ಟು ಜನಕ್ಕೆ ಬಂದಿತು ಎಂದು ಎಣಿಸಿ ನೋಡಿದಾಗ ರಕ್ಷಣೆ ದೊರೆತುದು ಕಾಣಲಿಲ್ಲ. ಹೀಗೆ ಎಣಿಸಿ, ಸೋಲನ್ನು 1962ರಲ್ಲಿ ಪ್ರಕಟಿಸಿದವರ ಪ್ರಾಮಾಣಿಕತೆಯನ್ನು ನಾವು ಮೆಚ್ಚಬೇಕು. ಗೆದ್ದ ಲಸಿಕೆಗಳ ಕಥೆಯನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಇಂಥ ಸೋಲಿನ ಕಥೆಗೆ ಅವುಗಳಲ್ಲಿ ಜಾಗವಿಲ್ಲ.

ಮುಂದೆ ಮಂಗನ ಕಾಯಿಲೆಯ ವೈರಸ್ಸನ್ನೇ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್ ದ್ರಾವಣದಿಂದ ನಿಶ್ಚೇತನಗೊಳಿಸಿ ಬೇರೆ ಲಸಿಕೆಯನ್ನು ತಯಾರಿಸಿದರು. 1990ರಿಂದ 1992ರವರೆಗೆ ಮಲೆನಾಡಿನ ಮೂರು ಜಿಲ್ಲೆಗಳಲ್ಲಿ ಅದರ ಫಲವನ್ನು ಪರೀಕ್ಷಿಸಿದಾಗ ಒಂದು ಸೂಜಿ ಪಡೆದವರಲ್ಲಿ ಶೇಕಡಾ 79.3, ಎರಡು ಸೂಜಿ ಪಡೆದವರಲ್ಲಿ ಶೇಕಡಾ 93.5 ರಕ್ಷಣೆಯೆಂದು ಲೆಕ್ಕ ಬಂದಿತು. ಬಹಳ ಕಾಲ ಇದೇ ಸಂಖ್ಯೆ ಎಲ್ಲರ ಬಾಯಲ್ಲಿತ್ತು. 2005ರಿಂದ 2010ರವರೆಗಿನ ದಾಖಲೆಗಳನ್ನು ಹುಡುಕಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಎರಡು ಸೂಜಿ ಪಡೆದವರಿಗೆ ದೊರೆತ ರಕ್ಷಣೆ ಶೇಕಡಾ 62.4, ಅದರ ಮೇಲೆ ವರ್ಧಕದ ಸೂಜಿಯನ್ನೂ ಪಡೆದವರಿಗೆ ಶೇಕಡಾ 82.9 ಎಂದು ಕಂಡಿತು.

ಪತ್ರಿಕೆಯ ಓದುಗನು ಇಲ್ಲಿ ಕಾಣುವುದೇನು? ಲಸಿಕೆಯ ಶಕ್ತಿ 93ರಿಂದ 62ಕ್ಕೆ ಇಳಿಯಿತು ಎಂಬುದನ್ನು. ನಮ್ಮ ಅಭಿಪ್ರಾಯದಲ್ಲಿ ಇಷ್ಟು ಅವಸರ ಸಲ್ಲದು. 62.4 ಎಂಬುದು ಒಂಟಿಯಾಗಿ ಬಂದ ಸಂಖ್ಯೆಯಲ್ಲ. ಅದರ ಪಕ್ಕದಲ್ಲಿ 26.1ರಿಂದ 80.8 ಎಂಬ ವ್ಯಾಪ್ತಿಯೂ ಅಚ್ಚಾಗಿದೆ. ರೋಗಕ್ಕೆ ತುತ್ತಾದವರ ಸಂಖ್ಯೆ ಚಿಕ್ಕದಾಗಿರುವಾಗ ನಾಲ್ಕಾರು ಜನ ಆಚೆಗೋ ಈಚೆಗೋ ಆದರೂ ಲೆಕ್ಕ ಬಹಳ ಬದಲಾಗುತ್ತದೆ. ಆ ಅನಿಶ್ಚಯವನ್ನು ಲೆಕ್ಕಹಾಕಿ ಹೇಳುವುದೇ ವ್ಯಾಪ್ತಿಯ ಕೆಲಸ: ನಿಜವಾದ ರಕ್ಷಣೆ ಕಾಲುಭಾಗದಷ್ಟು ಕಡಮೆಯೂ ಇರಬಹುದು, ಐದರಲ್ಲಿ ನಾಲ್ಕು ಪಾಲಿನಷ್ಟು ಹೆಚ್ಚೂ ಇರಬಹುದು, ನಮ್ಮಲ್ಲಿರುವ ಮಾಹಿತಿ ಇದಕ್ಕಿಂತ ನಿಖರವಾಗಿ ಹೇಳಲಾರದು ಎಂದು ಅದು ಒಪ್ಪಿಕೊಳ್ಳುತ್ತದೆ. ವರ್ಧಕ ಪಡೆದವರ 82.9ರ ವ್ಯಾಪ್ತಿ 71.3ರಿಂದ 89.8. ಇದು ಕಿರಿದು, ಆದುದರಿಂದ ಹೆಚ್ಚು ನೆಚ್ಚತಕ್ಕದ್ದು. ಹಳೆಯ 93.5 ಈ ಎರಡು ವ್ಯಾಪ್ತಿಗಳಿಗಿಂತಲೂ ಮೇಲಿರುವುದರಿಂದ, ಇಳಿತ ಬರಿಯ ಆಕಸ್ಮಿಕವೆಂದು ತಳ್ಳಿಹಾಕುವುದೂ ಕಷ್ಟ. ಆದರೆ ಇಳಿದುದು ಲಸಿಕೆಯ ಸತ್ವವೋ, ಹಾಕಿದ ಕ್ರಮವೋ, ಎಣಿಸಿದ ವಿಧಾನವೋ ಎಂಬುದನ್ನು ಈ ಸಂಖ್ಯೆಗಳಷ್ಟೇ ಹೇಳಲಾರವು.

ಎಣಿಸಿದ ವಿಧಾನವೆಂದೆವು. 2005–10ರ ಲೆಕ್ಕ ಚೀಟಿ ಎತ್ತಿ ವಿಂಗಡಿಸಿದ ಪ್ರಯೋಗದ್ದಲ್ಲ. ಲಸಿಕೆ ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ದಾಖಲೆಗಳಿಂದ ಹೋಲಿಸಿದ್ದು. ವರ್ಧಕಕ್ಕಾಗಿ ಮತ್ತೆ ಮತ್ತೆ ಬರುವವನು ಎಂಥವನು? ಹೇಳಿದ ಮಾತನ್ನು ಕೇಳುವವನು; ಆರೋಗ್ಯ ಇಲಾಖೆ ಕೊಟ್ಟ ಎಣ್ಣೆಯನ್ನು ಮೈಗೆ ಸವರಿಕೊಂಡು ಕಾಡಿಗೆ ಹೋಗುವವನು; ಬಂದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯುವವನು. ಇವನಿಗೆ ರೋಗ ತಪ್ಪಿದುದು ಸೂಜಿಯಿಂದಲೋ ಎಣ್ಣೆಯಿಂದಲೋ? ಹಾಗೆಯೇ ಇದಕ್ಕೆ ವಿರುದ್ಧವಾಗಿಯೂ ಆಗಬಹುದು: ದಿನಬೆಳಗಾದರೆ ಸೌದೆಗೆಂದು ಕಾಡು ಹೊಗುವವನೇ ಭಯದಿಂದ ಸೂಜಿಗೆ ಮುಂದಾದರೆ, ಹೆಚ್ಚು ಅಪಾಯದಲ್ಲಿರುವವರೇ ಲಸಿಕೆಯ ತಂಡದಲ್ಲಿ ತುಂಬಿ, ಲಸಿಕೆಯ ಗುಣ ಇದ್ದುದಕ್ಕಿಂತ ಕಡಮೆಯಾಗಿ ಕಾಣುತ್ತದೆ. ಪಾಯಸ ಉಣ್ಣದ ಹೊರಊರಿನವರ ತೊಡಕೇ ಇಲ್ಲಿ ವೇಷ ಬದಲಿಸಿ ಬಂದಿದೆ. ಪಾಯಸಕ್ಕೆ ಒಡ್ಡಿದ ಆಕ್ಷೇಪಣೆಯನ್ನು ಲಸಿಕೆಗೆ ಒಡ್ಡದೆ ಬಿಡುವವನನ್ನು ವಿಜ್ಞಾನದ ಪಕ್ಷಪಾತಿಯೆನ್ನಬಹುದು, ವಿಜ್ಞಾನಿಯೆನ್ನಲಾಗದು.

ಇಷ್ಟರಲ್ಲಿ ಯಾರಾದರೂ, ಲಸಿಕೆ ಬೇಡವೆಂದು ನಾವು ಹೇಳುತ್ತಿರುವೆವೆಂದು ತಿಳಿದಾರು. ಹಾಗಲ್ಲ. ಮಲೆನಾಡಿನ ಆ ಹಳ್ಳಿಗಳಲ್ಲಿ ನಾವಿದ್ದಿದ್ದರೆ ವರ್ಧಕವನ್ನೂ ಬಿಡದೆ ಹಾಕಿಸಿಕೊಳ್ಳುತ್ತಿದ್ದೆವು. ಅನಿಶ್ಚಯವಿದೆಯೆಂಬುದು ಕೈಕಟ್ಟಿ ಕೂರಲು ನೆಪವಾಗದು. ವ್ಯಾಪ್ತಿಯ ಕೆಳತುದಿಯಾದ 26.1 ಕೂಡ ಸೊನ್ನೆಗಿಂತ ಮೇಲೆಯೇ ಇದೆಯಷ್ಟೆ.

ಆದರೆ ಇದೇ ಲಸಿಕೆಯನ್ನು ಎಲ್ಲಿ, ಯಾರಿಗೆ ಹಾಕಬೇಕೆಂದು ತೀರ್ಮಾನಿಸಲು ಶೇಕಡಾ ಲೆಕ್ಕ ಸಾಲದು. ಒಂದು ಊಹೆಯ ಉದಾಹರಣೆ ನೋಡೋಣ. ಕಾಡಂಚಿನ ಹಳ್ಳಿಗಳಲ್ಲಿ 10,000 ಜನರಿದ್ದಾರೆ. ಲಸಿಕೆಯಿಲ್ಲದಿದ್ದರೆ ಒಂದು ಬೇಸಗೆಯಲ್ಲಿ 20 ಮಂದಿಗೆ ರೋಗ ಬರುತ್ತದೆ ಎಂದಿಟ್ಟುಕೊಳ್ಳಿ. ಶೇಕಡಾ 62.4 ರಕ್ಷಣೆಯಿದ್ದರೆ ಸುಮಾರು 12 ಮಂದಿ ಪಾರಾಗುತ್ತಾರೆ. ಎಂದರೆ ಒಬ್ಬನನ್ನು ರೋಗದಿಂದ ಪಾರುಮಾಡಲು ಸುಮಾರು 800 ಜನಕ್ಕೆ ಲಸಿಕೆ ಹಾಕಬೇಕು. ವ್ಯಾಪ್ತಿಯ ಮೇಲ್ತುದಿಯನ್ನು ಹಿಡಿದರೆ 600, ಕೆಳತುದಿಯನ್ನು ಹಿಡಿದರೆ 1,900. ಇನ್ನೊಂದು ಪ್ರದೇಶದಲ್ಲಿ ಅಷ್ಟೇ ಜನಕ್ಕೆ ರೋಗ ಬರುವುದು ಇಬ್ಬರಿಗೆ ಮಾತ್ರವೆನ್ನಿ. ಲಸಿಕೆ ಅದೇ, ಶೇಕಡಾ 62.4 ಅದೇ; ಆದರೆ ಒಬ್ಬನನ್ನು ಪಾರುಮಾಡಲು 8,000 ಜನಕ್ಕೆ ಸೂಜಿ ಚುಚ್ಚಬೇಕಾಗುತ್ತದೆ. ಎಂಟು ಸಾವಿರ ಜನರ ತೋಳಿನ ನೋವು, ದಾದಿಯರ ದಣಿವು, ಜೀಪು, ಮಂಜುಗಡ್ಡೆಯ ಪೆಟ್ಟಿಗೆ ಎಲ್ಲವನ್ನೂ ಒಂದು ತಕ್ಕಡಿಯಲ್ಲಿಟ್ಟು, ಒಂದು ಜ್ವರವನ್ನು ಇನ್ನೊಂದರಲ್ಲಿಟ್ಟು ತೂಗಬೇಕು. ಮಂಗನ ಕಾಯಿಲೆ ಹಿಡಿದ ನೂರು ಜನರಲ್ಲಿ ಮೂರು ನಾಲ್ಕು ಜನ ಸಾಯುವುದುಂಟಾದ್ದರಿಂದ ಆ ತಕ್ಕಡಿಯೂ ಹಗುರವಲ್ಲ.

ಕೊಡಗಿನ ವಿದ್ಯಾರ್ಥಿಗಳು ಈ ಲೆಕ್ಕವನ್ನು ಬಾಯಿಪಾಠಕ್ಕಾಗಿ ಕಲಿಯಬೇಕಾಗಿಲ್ಲ. 2012ರ ಕೊನೆಯಲ್ಲಿ ಬಂಡೀಪುರದ ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಅನಂತರದ ವರ್ಷಗಳಲ್ಲಿ ವಯನಾಡಿನಲ್ಲಿಯೂ ಕಾಣಿಸಿಕೊಂಡು, 2015ರಲ್ಲಿ ಅಲ್ಲಿನ ಕಾಡುವಾಸಿಗಳನ್ನು ಬಹಳವಾಗಿ ಕಾಡಿತು. ನಾಗರಹೊಳೆಯ ಕಾಡು ಆ ಎರಡು ಕಾಡುಗಳಿಗೂ ಅಂಟಿಕೊಂಡಿದೆ. ಮಂಗಗಳಿಗೂ ಉಣ್ಣೆಗಳಿಗೂ ಜಿಲ್ಲೆಯ ಗಡಿಕಲ್ಲು ತಿಳಿಯದು. ಹಳೆಯ ಲಸಿಕೆಯನ್ನು ಕರ್ನಾಟಕ ಸರಕಾರ 2022ರಲ್ಲಿ ನಿಲ್ಲಿಸಿತು. ಅದರ ಸ್ಥಾನಕ್ಕೆ ಹೊಸದೊಂದನ್ನು ತರುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ ಕೈಗೊಂಡಿದೆ. ಇಂದಲ್ಲ ನಾಳೆ ಆ ಹೊಸ ಲಸಿಕೆಯ ಶೇಕಡಾ ಸಂಖ್ಯೆಯೊಂದು ದಪ್ಪ ಅಕ್ಷರಗಳಲ್ಲಿ ಪತ್ರಿಕೆಗಳಲ್ಲಿ ಬರುವುದು ಖಂಡಿತ. ಆ ಸಂಖ್ಯೆ ಕೊಡಗಿಗೆ ಎಷ್ಟರ ಮಟ್ಟಿಗೆ ಸಲ್ಲುತ್ತದೆ?

ಒಂದೆಡೆ ಫಲಿಸಿದುದು ಇನ್ನೊಂದೆಡೆ ಫಲಿಸದಿರಬಹುದು. ಕ್ಷಯಕ್ಕೆ ಹಾಕುವ ಬಿ.ಸಿ.ಜಿ. ಲಸಿಕೆ ಬ್ರಿಟನ್ನಿನ ಶಾಲಾಬಾಲಕರಲ್ಲಿ ನೂರಕ್ಕೆ ಎಂಬತ್ತರ ಸಮೀಪ ರಕ್ಷಣೆ ನೀಡಿತ್ತು. ನಮ್ಮ ದೇಶದಲ್ಲಿಯೂ ಪರೀಕ್ಷಿಸೋಣವೆಂದು 1968ರಲ್ಲಿ ಮದರಾಸಿನ ಬಳಿಯ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಬೃಹತ್ ಪ್ರಯೋಗವನ್ನು ಆರಂಭಿಸಿದರು. ಸುಮಾರು 2,60,000 ಜನರನ್ನು ವಿಂಗಡಿಸಿ, ಕೆಲವರಿಗೆ ಲಸಿಕೆಯನ್ನೂ ಕೆಲವರಿಗೆ ಹುಸಿಮದ್ದನ್ನೂ ಹಾಕಿ, ವರ್ಷಗಟ್ಟಲೆ ಕಾದರು. ಏಳೂವರೆ ವರ್ಷಗಳ ಲೆಕ್ಕ 1979ರಲ್ಲಿ ಹೊರಬಂದಾಗ ದೊಡ್ಡವರ ಶ್ವಾಸಕೋಶದ ಕ್ಷಯದಿಂದ ಯಾವ ರಕ್ಷಣೆಯೂ ಕಾಣಲಿಲ್ಲ. ಹದಿನೈದು ವರ್ಷಗಳ ಲೆಕ್ಕವೂ ಹಾಗೆಯೇ ಆಯಿತು. ಹಸುಮಕ್ಕಳಿಗೆ ಬರುವ ಉಗ್ರವಾದ ಕ್ಷಯದ ವಿಷಯ ಬೇರೆ. ಅಲ್ಲಿ ಈ ಲಸಿಕೆ ಉಪಯುಕ್ತವಾದುದರಿಂದಲೇ ಇಂದಿಗೂ ಹುಟ್ಟಿದ ಕೂಸುಗಳಿಗೆ ಹಾಕುತ್ತಾರೆ. ಬ್ರಿಟನ್ನಿನ ಸಂಖ್ಯೆಯೂ ನಿಜ, ಚೆಂಗಲ್ಪಟ್ಟಿನದೂ ನಿಜ. ನಮ್ಮ ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ಎದ್ದೊಡನೆ ಮಳೆಮಾಪಕವನ್ನು ನೋಡಿ ಇಂಚು, ಸೆಂಟುಗಳಲ್ಲಿ ಬರೆದಿಡುವ ಅವರು, ಪಕ್ಕದ ತೋಟದ ಹೂಮಳೆಯ ಲೆಕ್ಕವನ್ನು ನಂಬಿ ತಮ್ಮ ತೋಟಕ್ಕೆ ನೀರು ಹಾಯಿಸುವುದನ್ನು ನಿಲ್ಲಿಸುವುದಿಲ್ಲ. ಭಾಗಮಂಡಲದ ಮಳೆಯ ಲೆಕ್ಕ ಹಿಡಿದು ಕುಶಾಲನಗರದವರು ಜೋಳ ಬಿತ್ತುವುದೂ ಇಲ್ಲ.

ಮಳೆಯ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ಜನ ಮದ್ದಿನ ವಿಷಯದಲ್ಲಿ ಏಕೆ ಮೈಮರೆಯಬೇಕೆಂಬುದು ನಮ್ಮ ಪ್ರಶ್ನೆ. ತಪ್ಪು ಜನರದು ಮಾತ್ರವಲ್ಲ. "ಅಪಾಯ ಅರ್ಧಕ್ಕೆ ಇಳಿಯಿತು" ಎಂದು ಪತ್ರಿಕೆಗಳು ಬರೆಯುತ್ತವೆ. ಸಾವಿರಕ್ಕೆ ಎರಡು ಒಂದಾಯಿತೋ, ನೂರಕ್ಕೆ ನಲವತ್ತು ಇಪ್ಪತ್ತಾಯಿತೋ ಬರೆಯುವುದಿಲ್ಲ. ಔಷಧಿ ಮಾರುವವರು ಮೊದಲಿನ ಬಗೆಯ ಮಾತನ್ನೇ ಮೆಚ್ಚುತ್ತಾರೆಂಬುದರಲ್ಲಿ ಆಶ್ಚರ್ಯವೇನೂ ಇಲ್ಲ. ಶಾಲೆಗಳಲ್ಲಿ ಸರಾಸರಿ, ಮಧ್ಯಾಂಕಗಳನ್ನು ಕಲಿಸುತ್ತೇವೆ. ಲೆಕ್ಕ ಬಿಡಿಸಿ ಅಂಕ ಪಡೆದ ಹುಡುಗ ಔಷಧಿಯ ಜಾಹೀರಾತಿನ ಮುಂದೆ ನಿಂತಾಗ ಅವನ ಲೆಕ್ಕ ಬಾಯಿಬಿಡುವುದಿಲ್ಲ. ಹೊಸ ಲಸಿಕೆಯೋ ಔಷಧಿಯೋ ಜಿಲ್ಲೆಗೆ ಬಂದಾಗ ಆರೋಗ್ಯ ಇಲಾಖೆಯವರು ಶೇಕಡಾ ಸಂಖ್ಯೆಯೊಂದಿಗೆ ಇನ್ನೆರಡು ಸಂಖ್ಯೆಗಳನ್ನೂ ಕನ್ನಡದಲ್ಲಿ ಅಚ್ಚುಹಾಕಿಸಿ ಹಂಚಬೇಕೆಂದು ನಾವು ಒತ್ತಾಯಪಡಿಸುತ್ತೇವೆ: ಮದ್ದಿಲ್ಲದಿದ್ದರೆ ಹತ್ತು ಸಾವಿರ ಜನರಲ್ಲಿ ಎಷ್ಟು ಜನಕ್ಕೆ ರೋಗ, ಮದ್ದು ಕೊಟ್ಟರೆ ಎಷ್ಟು ಜನಕ್ಕೆ. ಹೀಗೆ ಬರೆದರೆ ಜನ ಸೂಜಿಗೆ ಬರುವುದಿಲ್ಲವೆಂದು ಕೆಲವು ವೈದ್ಯರು ಹೆದರುತ್ತಾರೆ. ಈ ಹೆದರಿಕೆಗೆ ಆಧಾರವಿಲ್ಲದಿಲ್ಲ. ಆದರೆ ಶೇಕಡಾ 93ನ್ನು ನಂಬಿ ಸೂಜಿ ಹಾಕಿಸಿಕೊಂಡವನಿಗೆ ರೋಗ ಬಂದರೆ, ಅವನೂ ಅವನ ನೆರೆಹೊರೆಯವರೂ ಮುಂದಿನ ವರ್ಷ ಯಾವ ಸೂಜಿಗೂ ಬರುವುದಿಲ್ಲ. ಮುಚ್ಚಿಟ್ಟ ಅನಿಶ್ಚಯಕ್ಕೆ ತೆರುವ ಬೆಲೆ ದೊಡ್ಡದು.

ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು, ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯ ಇವೆ. ಕಾಡನ್ನು ಬಲ್ಲವರೂ ರೋಗವನ್ನು ಬಲ್ಲವರೂ ಒಂದೇ ಜಿಲ್ಲೆಯಲ್ಲಿರುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಕೊಡಗಿನ ಕಾಡಂಚಿನ ಹಾಡಿಗಳಲ್ಲಿ ಎಷ್ಟು ಜನರಿದ್ದಾರೆ, ಬೇಸಗೆಯಲ್ಲಿ ಅವರಲ್ಲಿ ಎಷ್ಟು ಜನಕ್ಕೆ ಕಾರಣ ತಿಳಿಯದ ಜ್ವರ ಬರುತ್ತದೆ, ಎಷ್ಟು ಮಂಗಗಳು ಎಲ್ಲೆಲ್ಲಿ ಸತ್ತುವು ಎಂಬ ಲೆಕ್ಕವನ್ನು ಈ ಎರಡು ಸಂಸ್ಥೆಗಳ ವಿದ್ಯಾರ್ಥಿಗಳು ವರ್ಷವರ್ಷವೂ ಬರೆದಿಡಬಹುದು. ಹೊಸ ಲಸಿಕೆಯ ವರದಿ ಕೈಗೆ ಬಂದ ದಿನ, ಅದರಲ್ಲಿನ ಶೇಕಡಾ ಸಂಖ್ಯೆಯನ್ನು ಕೊಡಗಿನ ಜನರ ಲೆಕ್ಕವಾಗಿ ಬದಲಾಯಿಸಲು ಬೇಕಾಗುವುದು ಆ ಪುಸ್ತಕವೇ.